ಚೀಟಿ ಡಬ್ಬ: ವ್ಯಸನ ಚಿಕಿತ್ಸೆಯಲ್ಲಿ ಬಹುಮಾನ ಕೊಡುವ ಕ್ರಮ

ಕೊಕೇನ್, ಮೆಥಾಂಫೆಟಮಿನ್ ಚಟ ಬಿಡಿಸಲೆಂದೇ ಮಂಜೂರಾದ ಮಾತ್ರೆ ಅಮೆರಿಕದಲ್ಲೂ ಇಲ್ಲ. ಅಲ್ಲಿ ಚೆನ್ನಾಗಿ ಫಲ ಕೊಟ್ಟಿರುವುದು ಬಹುಮಾನದ ಕ್ರಮ. ಪರೀಕ್ಷೆಯಲ್ಲಿ ಮಾದಕ ಸೇವಿಸಿಲ್ಲವೆಂದು ಕಂಡವರು ಡಬ್ಬದಿಂದ ಚೀಟಿ ಎತ್ತಿ, ಅದರಲ್ಲಿ ಬರೆದ ಬಹುಮಾನ ಪಡೆಯುತ್ತಾರೆ. ಕನೆಕ್ಟಿಕಟ್‌ನ ಸಂಶೋಧಕಿ ನ್ಯಾನ್ಸಿ ಪೆಟ್ರಿ ರೂಪಿಸಿದ ಈ ಚೀಟಿ ಡಬ್ಬವನ್ನು ಕಡಿಮೆ ಖರ್ಚಿನಲ್ಲಿ ನಡೆಸಬಹುದು.

ಡಬ್ಬದಲ್ಲಿ 500 ಚೀಟಿ. 250ರಲ್ಲಿ ಬರೀ ‘ಶಭಾಷ್’. 209ಕ್ಕೆ 1 ಡಾಲರಿನ ಸಾಮಾನು: ಸೋಪು, ತಿಂಡಿ, ಬಸ್ ಟಿಕೆಟ್. 40ಕ್ಕೆ 20 ಡಾಲರಿನದು, ಒಂದೇ ಒಂದಕ್ಕೆ 100 ಡಾಲರಿನದು. ಎತ್ತಿದ ಚೀಟಿಯನ್ನು ಮಡಚಿ ಮತ್ತೆ ಒಳಗೇ ಹಾಕಬೇಕು. ಸರಾಸರಿ ಒಂದು ಚೀಟಿಗೆ ಬೀಳುವ ಖರ್ಚು 2.22 ಡಾಲರ್.

ಮೂತ್ರ ಪರೀಕ್ಷೆ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ ಇಟ್ಟುಕೊಳ್ಳಿ. ಈ ಎರಡು ಮಾದಕಗಳು ಮೂತ್ರದಲ್ಲಿ ಕಾಣುವುದು ಸಾಮಾನ್ಯವಾಗಿ 2ರಿಂದ 4 ದಿನ. ವಾರಕ್ಕೊಂದೇ ಪರೀಕ್ಷೆಯಾದರೆ ನಡುವೆ ಸೇವಿಸಿದ್ದು ತಪ್ಪಿಹೋಗುತ್ತದೆ. ಕಪ್ ಕೈಗೆ ಬಂದ 4 ನಿಮಿಷದೊಳಗೆ ಉಷ್ಣತೆ ನೋಡಿ, 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಪರೀಕ್ಷಾ ಪಟ್ಟಿಯಲ್ಲಿ ಕಂಟ್ರೋಲ್ ಗೆರೆ (ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಗೆರೆ) ಬಂದಿದ್ದು, ಪರೀಕ್ಷೆಯ ಗೆರೆ ಎಷ್ಟೇ ಮಸುಕಾಗಿ ಕಂಡರೂ ಅದು ನೆಗೆಟಿವ್, ಅಂದರೆ ಮಾದಕ ಕಂಡುಬಂದಿಲ್ಲ. ಇಲ್ಲಿ ಎಡವಿದರೆ, ನಿಯತ್ತಾಗಿ ಬಿಟ್ಟವರಿಗೆ ಅನ್ಯಾಯವಾಗುತ್ತದೆ.

ಫಲಿತಾಂಶ ಹೇಳಿದ ಕೂಡಲೇ ಡಬ್ಬ ಮುಂದಿಡಿ. ‘ಮುಂದಿನ ವಾರ ಕೊಡ್ತೀವಿ’ ಎಂದರೆ ಕ್ರಮದ ಕಸುವೇ ಹೋಯಿತು, ಏಕೆಂದರೆ ಮಾದಕ ತನ್ನ ಸುಖವನ್ನು ಆ ಕ್ಷಣವೇ ಕೊಡುತ್ತದೆ. ಮೊದಲ ನೆಗೆಟಿವ್‌ಗೆ 1 ಚೀಟಿ, ಎರಡನೆಯದಕ್ಕೆ 2, ಹೀಗೆ 8ರವರೆಗೆ ಏರಿಸಿ ಅಲ್ಲೇ ನಿಲ್ಲಿಸಬಹುದು. 12 ವಾರ ಒಂದೂ ತಪ್ಪದವರಿಗೆ 164 ಚೀಟಿ, ಸರಾಸರಿ 364 ಡಾಲರ್. ಬಜೆಟ್ ಇದರ ಮೇಲೆ ಹಾಕಿ.

ಪಾಸಿಟಿವ್ ಬಂದರೆ, ಹೇಳದೆ ತಪ್ಪಿಸಿಕೊಂಡರೆ ಆ ದಿನ ಚೀಟಿ ಇಲ್ಲ. ಮುಂದಿನ ನೆಗೆಟಿವ್‌ಗೆ ಮತ್ತೆ ಒಂದರಿಂದ. ಬೈಯಬೇಡಿ, ಗೆದ್ದ ಸಾಮಾನು ವಾಪಸ್ ಕೇಳಬೇಡಿ. ‘ಗುರುವಾರ ಬನ್ನಿ, ಡಬ್ಬ ಇಲ್ಲೇ ಇರುತ್ತೆ’ ಅಂದರೆ ಸಾಕು. ಕರುಣೆಯಿಂದ ಒಂದು ಚೀಟಿ ಕೊಟ್ಟುಬಿಡುವುದೂ ತಪ್ಪೇ: ನಿಯಮ ಸಡಿಲವಾದದ್ದು ಎರಡೇ ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಒಂದಕ್ಕೆ ಇಳಿದವರು ಕೈಚೆಲ್ಲದಂತೆ ವರ್ಮಾಂಟ್‌ನ ಸಂಶೋಧಕ ಸ್ಟೀಫನ್ ಹಿಗಿನ್ಸ್ ಅವರ ವೋಚರ್ ಪದ್ಧತಿಯ (ಚೀಟಿಯ ಬದಲು ನಿಗದಿತ ಮೊತ್ತದ ಕೂಪನ್ ಕೊಡುವ ಕ್ರಮ) ಉಪಾಯ ಬಳಸಿ: ಸತತ 5 ನೆಗೆಟಿವ್ ಬಂದರೆ ಹಳೆಯ ಮಟ್ಟ ವಾಪಸ್. ಚೀಟಿ ಎತ್ತುವುದು ಅದೃಷ್ಟದಾಟವಾದ್ದರಿಂದ, ಜೂಜಿನ ಚಟ ಇರುವವರಿಗೆ ಡಬ್ಬಕ್ಕಿಂತ ನಿಗದಿತ ಮೊತ್ತದ ವೋಚರೇ ಸರಿ.

ನಮ್ಮ ವ್ಯಸನಮುಕ್ತಿ ಕೇಂದ್ರಗಳಿಗೆ ಬರುವವರಲ್ಲಿ ಕುಡಿತದವರೇ ಬಹಳ. ಉಸಿರಿನ ಪರೀಕ್ಷೆ ಕೆಲವು ಗಂಟೆಗಳ ಹಿಂದಿನ ಕುಡಿತವನ್ನಷ್ಟೇ ಹಿಡಿಯುತ್ತದೆ. ಅದಕ್ಕೂ ಹಿಂದಿನ ಕುಡಿತವನ್ನು ತೋರಿಸುವ ಮೂತ್ರದ ಎಥೈಲ್ ಗ್ಲುಕುರೊನೈಡ್ ಪರೀಕ್ಷೆ ಸಿಗದಿದ್ದರೆ ಹಾಜರಾತಿಗೆ ಚೀಟಿ ಕೊಡಿ. ದಿನಾ ಕುಡಿಯುವವರು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಹಾಗಾಗಿ ಮೊದಲು ವೈದ್ಯರ ನಿಗಾ, ಆಮೇಲೆ ಡಬ್ಬ. ಗಾಂಜಾ ಬಿಟ್ಟ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು. ಅವರಿಗೂ ಶುರುವಿನಲ್ಲಿ ಹಾಜರಾತಿಯೇ ಲೆಕ್ಕ. ವೈದ್ಯರು ಬರೆದುಕೊಟ್ಟ ಬುಪ್ರೆನಾರ್ಫಿನ್ (ಅಫೀಮು, ಹೆರಾಯಿನ್ ಬಗೆಯ ಚಟದ ಚಿಕಿತ್ಸೆಯ ಔಷಧ) ಮೂತ್ರದಲ್ಲಿ ಕಂಡರೆ ಅದು ತಪ್ಪಲ್ಲ.

12 ವಾರವಾಯಿತೆಂದು ಒಮ್ಮೆಲೇ ನಿಲ್ಲಿಸಬೇಡಿ. ಕ್ಯಾಲಿಫೋರ್ನಿಯಾದ ಸರ್ಕಾರಿ ಯೋಜನೆಯಲ್ಲಿ ಮುಂದಿನ 12 ವಾರ, ವಾರಕ್ಕೊಂದು ಪರೀಕ್ಷೆಯೊಂದಿಗೆ ಬಹುಮಾನ ಮುಂದುವರಿಯುತ್ತದೆ.