ತೋಟದಲ್ಲಿ ಕಾಡುಮರಿ ಸಿಕ್ಕರೆ: ಮೊದಲ 48 ಗಂಟೆ

ಮಳೆಗೆ ಮುಂಚೆ ನೆರಳುಮರಗಳ ಕಪಾತು (ಕೊಂಬೆ ಕಡಿತ) ಶುರುವಾಯಿತೆಂದರೆ ಕೊಡಗಿನ ಕಾಫಿ ತೋಟಗಳಲ್ಲಿ ಏನಾದರೊಂದು ಮರಿ ಕೆಳಗೆ ಬೀಳುವುದುಂಟು. ಪೊಟರೆಯಿಂದ ಗಿಳಿಮರಿ, ಗೂಡು ಸಮೇತ ಕೆಂಜಳಿಲಿನ (ಕಾಡಿನ ದೊಡ್ಡ ಕೆಂಪು ಅಳಿಲು) ಮರಿ, ಕೆಲವೊಮ್ಮೆ ಕಣ್ಣು ಬಿಡದ ಕಬ್ಬೆಕ್ಕಿನ (ಪುನುಗು ಬೆಕ್ಕಿನ ಜಾತಿ) ಮರಿ. ಸಂಜೆಯೊಳಗೆ ಅದು ಕೆಲಸಗಾರರ ಲೈನ್ ಮನೆಗೋ ಬಂಗಲೆಗೋ ಸೇರುತ್ತದೆ, ರಾತ್ರಿ ಊಟದ ಹೊತ್ತಿಗೆ ಅದಕ್ಕೊಂದು ಹೆಸರೂ ಬೀಳುತ್ತದೆ. "ಬಿಟ್ಟರೆ ಸಾಯ್ತದೆ, ಸಾಕಿದರೆ ಬದುಕ್ತದೆ, ಇದರಲ್ಲಿ ತಪ್ಪೇನು?" ಎನ್ನುವ ವಾದ ಹುಟ್ಟುವುದು ಆಮೇಲೆ.

ಗಾಯಗೊಂಡ ಮರಿಯನ್ನು ಇರುವೆಗೆ ಬಿಟ್ಟು ಬನ್ನಿ ಎಂದು ಕಾನೂನೂ ಹೇಳುವುದಿಲ್ಲ. ಆದರೆ ಎತ್ತಿಕೊಳ್ಳುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಂ ಪ್ರಕಾರ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅರಣ್ಯ ಅಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ಹಿಡಿಯುವುದು, ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು ಎಲ್ಲವೂ 'ಬೇಟೆ'ಯ ವ್ಯಾಖ್ಯೆಯೊಳಗೇ ಬರುತ್ತವೆ. ಗಿಳಿ ಮನೆಯಲ್ಲೇ ಮೊಟ್ಟೆಯೊಡೆದು ಹುಟ್ಟಿದ್ದು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಕೊಡವರ ಕೋವಿಗೆ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ, ಇದಕ್ಕೂ ಇರಬಹುದು ಎಂದುಕೊಂಡವರೂ ನಮ್ಮಲ್ಲಿದ್ದಾರೆ. ಇಲ್ಲ.

ಎತ್ತುವ ಮೊದಲು

ಸಿಕ್ಕ ಮರಿಗಳಲ್ಲಿ ಎಷ್ಟೋ ಅನಾಥವೇ ಅಲ್ಲ. ಕಾಡುಕುರಿ (ಬೊಗಳುವ ಜಿಂಕೆ) ತನ್ನ ಮರಿಯನ್ನು ಪೊದೆಯಲ್ಲಿ ಮಲಗಿಸಿ ಮೇಯಲು ಹೋಗುತ್ತದೆ, ಆಗಾಗ ಬಂದು ಹಾಲೂಡಿಸುತ್ತದೆ. ಮರಿ ಅಲ್ಲಾಡದೆ ಬಿದ್ದಿರುವುದು ಅದರ ರಕ್ಷಣೆಯ ಉಪಾಯ. ರಕ್ತ, ಹುಳ ಕಾಣದಿದ್ದರೆ ಮುಟ್ಟದೆ ನಾಯಿ ಕಟ್ಟಿಹಾಕಿ, ಆ ಸಾಲಿನ ಕೆಲಸ ಆ ದಿನಕ್ಕೆ ನಿಲ್ಲಿಸಿ.

ಮೈತುಂಬ ಗರಿ ಬಂದು, ಬಾಲ ಮೋಟಾಗಿ, ಕುಪ್ಪಳಿಸುತ್ತಿರುವ ಹಕ್ಕಿಮರಿ ಹಾರಲು ಕಲಿಯುತ್ತಿದೆ. ಕೈಗೆಟುಕುವ ಕೊಂಬೆಗೆ ಹತ್ತಿಸಿ ದೂರ ಸರಿಯಿರಿ. ಗರಿ ಇಲ್ಲದ್ದನ್ನು ಗೂಡಿಗೇ ಹಾಕಿ. ಮನುಷ್ಯರ ವಾಸನೆ ತಗುಲಿದರೆ ತಾಯಿಹಕ್ಕಿ ಸೇರಿಸುವುದಿಲ್ಲ ಎನ್ನುವುದು ಸುಳ್ಳು. ಪೊಟರೆಯಿದ್ದ ಕೊಂಬೆಯೇ ಉರುಳಿದ್ದರೆ ಪೊಟರೆಯ ಮೇಲೂ ಕೆಳಗೂ ಒಂದೊಂದು ಅಡಿ ಬಿಟ್ಟು ಆ ತುಂಡನ್ನು ಕೊಯ್ದು, ಮರಿ ಒಳಗಿಟ್ಟು, ಪಕ್ಕದ ಮರಕ್ಕೆ ಆದಷ್ಟು ಎತ್ತರದಲ್ಲಿ ಬಿಗಿಯಾಗಿ ಕಟ್ಟಿ. ಬಾಯಿ ಸ್ವಲ್ಪ ಕೆಳಮುಖವಾಗಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ಒಳಗೆ ನೀರು ನಿಲ್ಲುತ್ತದೆ.

ಕೆಂಜಳಿಲು ಒಂದೇ ಗೂಡನ್ನು ನಂಬಿ ಕೂರುವುದಿಲ್ಲ, ಸುತ್ತಮುತ್ತ ಇನ್ನೂ ಕೆಲವು ಕಟ್ಟಿಕೊಂಡಿರುತ್ತದೆ. ಹಾಗಾಗಿ ಮರಿ ಮರಳಿಸುವುದು ಸುಲಭ. ತಳದಲ್ಲಿ ಬಿಸಿನೀರಿನ ಬಾಟಲಿ, ಮೇಲೆ ಬಟ್ಟೆ ಹಾಸಿದ ತೆರೆದ ಬುಟ್ಟಿಯನ್ನು ಅದೇ ಮರಕ್ಕೆ ಕಟ್ಟಿ, ಜನರನ್ನೆಲ್ಲ ಕಳಿಸಿ. ತಾಯಿ ಕಚ್ಚಿಕೊಂಡು ಹೋಗಲು ಎರಡು ಮೂರು ಗಂಟೆಯಾದರೂ ಬೇಕು. ಇದು ಹಗಲಿನ ಪ್ರಾಣಿ, ಕತ್ತಲಾದ ಮೇಲೆ ಬರುವುದಿಲ್ಲ. ಕಬ್ಬೆಕ್ಕು ಇದಕ್ಕೆ ತದ್ವಿರುದ್ಧ: ಮರಿಯನ್ನು ಮುಸ್ಸಂಜೆಗೆ ಸಿಕ್ಕಿದ ಜಾಗದಲ್ಲೇ ಇಟ್ಟು ರಾತ್ರಿಯಿಡೀ ಕಾಯಬೇಕು. ಹೆಂಚಿನ ಮನೆಯ ಅಟ್ಟದಲ್ಲಿ ಮರಿ ಹಾಕಿದ್ದರೆ ಕೆಲವು ವಾರ ಸಹಿಸಿಕೊಳ್ಳಿ. ಮರಿಗಳು ದೊಡ್ಡವಾಗಿ ಹೊರಟ ಮೇಲೆ ಸಂದಿ ಮುಚ್ಚಿ.

ಪೆಟ್ಟಿಗೆ ಮತ್ತು ಬಿಸಿ

ರಕ್ತ, ಜೋತುಬಿದ್ದ ರೆಕ್ಕೆ, ಅಕ್ಕಿಯ ನುಚ್ಚಿನಂತೆ ಅಂಟಿಕೊಂಡ ನೊಣದ ಮೊಟ್ಟೆ, ತಣ್ಣಗಾದ ಮೈ: ಇವು ಕಂಡರೆ ಎತ್ತಲೇಬೇಕು. ಬೆಕ್ಕು ಕಚ್ಚಿದ ಹಕ್ಕಿಗೆ ಗಾಯ ಕಾಣದಿದ್ದರೂ ಎತ್ತಿ. ಬೆಕ್ಕಿನ ಜೊಲ್ಲಿನ ಸೋಂಕು ಒಂದೆರಡು ದಿನದಲ್ಲಿ ಕೊಲ್ಲುತ್ತದೆ, ಪಶುವೈದ್ಯರ ಔಷಧಿಯೇ ಬೇಕು.

ರಟ್ಟಿನ ಪೆಟ್ಟಿಗೆಯ ಬದಿಗಳಿಗೆ ಪೆನ್ಸಿಲ್ ದಪ್ಪದ ಏಳೆಂಟು ತೂತು ಮಾಡಿ, ಒಳಗೆ ಹಳೆಯ ಹತ್ತಿ ಪಂಚೆ ಹಾಸಿ. ಟವೆಲ್ ಬೇಡ, ಎಳೆಗೆ ಉಗುರು ಸಿಕ್ಕಿ ಬೆರಳು ಉಳುಕುತ್ತದೆ. ಬರೀ ಪೇಪರ್ ಹಾಸಿದರೆ ಜಾರಿ ಹಕ್ಕಿಮರಿಯ ಕಾಲು ಎರಡೂ ಕಡೆ ಅಗಲಿಕೊಳ್ಳುತ್ತದೆ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ, ಸೆಕೆಯಾದರೆ ಮರಿ ಆಚೆ ಸರಿಯುವಂತಿರಲಿ. ಎರಡು ಗಂಟೆಗೊಮ್ಮೆ ನೀರು ಬದಲಿಸಿ; ಜುಲೈ ತಿಂಗಳ ಮಡಿಕೇರಿ ಚಳಿಯಲ್ಲಿ ಇನ್ನೂ ಬೇಗ. ಆರಿದ ಬಾಟಲಿ ಮರಿಯ ಮೈಯಿಂದಲೇ ಬಿಸಿ ಎಳೆದುಕೊಳ್ಳುತ್ತದೆ.

ಮರಿ ಬಿಸಿಯಾಗುವವರೆಗೆ ಬಾಯಿಗೆ ಏನೂ ಹಾಕಬೇಡಿ. ಬಂದ ಮರಿಗಳನ್ನು ಕೊಲ್ಲುವುದು ಹಸಿವಿಗಿಂತ ಹೆಚ್ಚಾಗಿ ಈ ಆತುರವೇ. ತಣ್ಣಗಿರುವ ಹೊಟ್ಟೆಯಲ್ಲಿ ಆಹಾರ ಕರಗುವುದಿಲ್ಲ. ಹಕ್ಕಿಗೆ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಹನಿಸಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಹಸುವಿನ ಹಾಲು ಅಳಿಲು, ಕಬ್ಬೆಕ್ಕಿನ ಮರಿಗಳಿಗೆ ಭೇದಿ ಹಿಡಿಸುತ್ತದೆ. ರಾತ್ರಿ ಕಳೆಯಲೇಬೇಕಾದರೆ ಸಸ್ತನಿ ಮರಿಗೆ ಮಾತ್ರ, ಮೈ ಬಿಸಿಯಾದ ಮೇಲೆ, ಪೊಟ್ಟಣದ ಮೇಲಿರುವ ಅಳತೆಯಂತೆ ಕಲಸಿದ ಓಆರ್‌ಎಸ್ ಅನ್ನು ಉಗುರುಬೆಚ್ಚಗೆ ಮಾಡಿ, ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಿಂದ ಬಾಯಿಯ ಅಂಚಿಗೆ ಎರಡು ಮೂರು ಹನಿ. ಮರಿ ಹೊಟ್ಟೆ ಕೆಳಗಾಗಿ ಇರಬೇಕು. ಮೂಗಿನಲ್ಲಿ ಗುಳ್ಳೆ ಬಂದರೆ ನಿಲ್ಲಿಸಿ, ತಲೆ ತಗ್ಗಿಸಿ ಒರೆಸಿ.

ಕೈಗವಸು ಹಾಕಿಕೊಂಡೇ ಮುಟ್ಟಿ. ಕಬ್ಬೆಕ್ಕು, ಮಂಗ, ಮುಂಗುಸಿ, ಬಾವಲಿ ಕಚ್ಚಿದರೆ, ಪರಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ಒಪ್ಪಿಸುವುದು

ಅರಣ್ಯ ಸಹಾಯವಾಣಿ 1926ಕ್ಕೋ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೋ ಫೋನ್ ಮಾಡಿ. ಸಿಕ್ಕ ದಿನ, ಗಂಟೆ, ತೋಟದ ಜಾಗ, ಮರಿಯ ಸ್ಥಿತಿ ಒಂದು ಹಾಳೆಯಲ್ಲಿ ಬರೆದು, ಒಪ್ಪಿಸುವಾಗ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಜಾಗ ಬರೆಯುವುದು ಬರೀ ಕಾಗದಪತ್ರಕ್ಕಲ್ಲ, ಮರಿಯನ್ನು ಮತ್ತೆ ಬಿಡಬೇಕಾದದ್ದು ಅಲ್ಲೇ. ಮಡಿಲಲ್ಲಿ ಕೂರಿಸಿಕೊಂಡು ರೀಲ್ಸ್ ಮಾತ್ರ ಮಾಡಬೇಡಿ.

"ಬೆಳೆಸಿ ಆಮೇಲೆ ಬಿಡ್ತೇವೆ" ಎನ್ನುವವರಿಗೆ ಒಂದು ಮಾತು. ಅನ್ನ, ಬಿಸ್ಕತ್ತಿನ ಮೇಲೆ ಬೆಳೆದ ಅಳಿಲಿಗೆ ಸುಣ್ಣದಂಶ ಸಾಲದೆ ಮೂಳೆ ಮೆತ್ತಗಾಗಿ ಹಿಂಗಾಲು ಎಳೆಯಲು ಶುರುವಾಗುತ್ತದೆ. ಕೈತುತ್ತು ತಿಂದ ಜಿಂಕೆ ಗಂಡಾದರೆ ಕೊಂಬು ಬಲಿತ ಮೇಲೆ, ಬೆದೆಗಾಲದಲ್ಲಿ, ತುತ್ತು ಕೊಟ್ಟವರನ್ನೇ ತಿವಿಯುತ್ತದೆ. ಮನುಷ್ಯರ ಭಯ ಬಿಟ್ಟ ಕಬ್ಬೆಕ್ಕು ಪಕ್ಕದ ಲೈನಿನ ನಾಯಿಯ ಮುಂದೆಯೇ ಹೋಗಿ ನಿಲ್ಲುತ್ತದೆ.

ಈಗಾಗಲೇ ಮನೆಯಲ್ಲಿ ಗಿಳಿ ಇದ್ದರೆ, ಇದನ್ನು ಓದಿ ಪಂಜರದ ಬಾಗಿಲು ತೆರೆಯಬೇಡಿ. ಕತ್ತರಿಸಿದ ರೆಕ್ಕೆಗರಿ ಮತ್ತೆ ಬರುವುದು ಹಳೆಯದು ಉದುರಿದ ಮೇಲೆಯೇ. ಅಷ್ಟರವರೆಗೆ ಅದಕ್ಕೆ ಹಾರಲು ಬಾರದು, ಕಾಯಿ ಹುಡುಕಲೂ ಬಾರದು. ಮೊದಲು ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಲಾರದ ಪ್ರಾಣಿಗಳಿಗೆ ಮೈಸೂರು ಮೃಗಾಲಯದ ಕೂರ್ಗಳ್ಳಿ ಪುನರ್ವಸತಿ ಕೇಂದ್ರದಂಥ ಜಾಗಗಳಿವೆ. ಹಕ್ಕಿ ಸಾಕಲೇಬೇಕೆಂಬ ಆಸೆಯಿದ್ದರೆ ಬಡ್ಜೀಸ್, ಕಾಕಟೀಲ್ ಥರದ ಹೊರದೇಶದ ಸಾಕುಗಿಳಿ ತನ್ನಿ. ಗಿಳಿ ಅಂಗಳಕ್ಕೆ ಬರಬೇಕೆಂದಿದ್ದರೆ ಮುಂದಿನ ಕಪಾತಿನಲ್ಲಿ ಅತ್ತಿಮರವನ್ನೂ ಪೊಟರೆಯಿರುವ ಒಣಮರವನ್ನೂ ಕಡಿಯದಂತೆ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಮೊದಲೇ ಹೇಳಿ, ಸುಣ್ಣದಲ್ಲಿ ಗುರುತು ಹಾಕಿಸಿ.