ಕಪ್ಪು ಕುದುರೆಗೆ ಕನ್ನಡದ ಮಾತು ಕೊಟ್ಟದ್ದು: ನನ್ನ ಅನುಭವ

ಇಂಗ್ಲಿಷ್ ಸಿನಿಮಾ ಓಡುತ್ತಿರುವಾಗಲೇ ಪಕ್ಕದಲ್ಲಿ ಮೈಕ್ ಹಿಡಿದು ಕೂತು ಕನ್ನಡದಲ್ಲಿ ಮಾತು ಕೊಟ್ಟರೆ ಮಕ್ಕಳು ಎರಡು ಗಂಟೆ ಅಲ್ಲಾಡದೆ ನೋಡುತ್ತಾರೆ. ಇದನ್ನು ಹೇಳಿದಾಗ ನಮ್ಮ ಮೈಕ್ ಸೆಟ್ಟಿನವರೇ ನಕ್ಕಿದ್ದರು. "ಹತ್ತು ನಿಮಿಷಕ್ಕೆ ಎಲ್ಲ ಐಸ್‌ಕ್ಯಾಂಡಿ ಗಾಡಿ ಹತ್ರ ಇರ್ತಾವೆ ಮಾರಾಯ" ಅಂದಿದ್ದರು. ಈಗ ಅವರೇ ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದಿಂದ ಫೋನ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳುತ್ತಾರೆ. ಪ್ರೊಜೆಕ್ಟರ್, ಮಿಕ್ಸರ್ ಜೋಡಿಸುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಸಿನಿಮಾ 'ದಿ ಬ್ಲ್ಯಾಕ್ ಸ್ಟ್ಯಾಲಿಯನ್', 1979ರದ್ದು. ಕ್ಯಾರಲ್ ಬಲ್ಲಾರ್ಡ್ ನಿರ್ದೇಶಕ. ವಾಲ್ಟರ್ ಫಾರ್ಲಿ 1941ರಲ್ಲಿ ಬರೆದ ಕಾದಂಬರಿಯ ಕತೆ. ಹಡಗು ಮುಳುಗಿ, ಅಲೆಕ್ ಎಂಬ ಹುಡುಗ ಮತ್ತು ಒಂದು ಪೊಗರಿನ ಅರಬ್ಬಿ ಕುದುರೆ ಮಾತ್ರ ದ್ವೀಪ ಸೇರುತ್ತವೆ. ಆಮೇಲೆ ಊರಿಗೆ ಬಂದು ರೇಸ್. ನಾನು ಇದನ್ನೇ ಹಿಡಿದದ್ದು ಯಾಕೆಂದರೆ ದ್ವೀಪದ ಭಾಗದಲ್ಲಿ ಸುಮಾರು ಅರ್ಧ ಗಂಟೆ ಮಾತೇ ಇಲ್ಲ ಅನ್ನಬಹುದು. ಮೊದಲು 1944ರ 'ನ್ಯಾಷನಲ್ ವೆಲ್ವೆಟ್' ಹಾಕಿ ನೋಡಿದ್ದೆ, ಎಲಿಜಬೆತ್ ಟೇಲರ್ ಇನ್ನೂ ಹುಡುಗಿಯಾಗಿದ್ದಾಗಿನದ್ದು. ಸಿನಿಮಾ ಚೆನ್ನಾಗಿದೆ. ಆದರೆ ಮನೆಯೊಳಗೆ ಮಾತೋ ಮಾತು. ಒಬ್ಬನೇ ಅಪ್ಪ, ಅಮ್ಮ, ಮೂರು ಅಕ್ಕತಂಗಿ ಎಲ್ಲ ಆಗಿ ಗಂಟಲು ಹೋಯಿತು. ಅದರಲ್ಲಿ ಯುವಕನಾಗಿರುವ ಮಿಕ್ಕಿ ರೂನಿಯೇ 'ಬ್ಲ್ಯಾಕ್ ಸ್ಟ್ಯಾಲಿಯನ್'ನಲ್ಲಿ ಮುದುಕ ತರಬೇತುದಾರ. ಎರಡನ್ನೂ ನೋಡಿದ ಒಬ್ಬ ಪೋಕರಿ ಅದನ್ನು ಕಂಡುಹಿಡಿದು ಇಡೀ ಅಂಗಳಕ್ಕೆ ಕೂಗಿ ಹೇಳಿದ.

ಬಾಯಿಮಾತಿಗೆ ಬರುವ ಮೊದಲು ದುಡ್ಡು ಬೇಕಾದಷ್ಟು ಹೋಗಿತ್ತು. ಕನ್ನಡ ಸಬ್‌ಟೈಟಲ್ ನಾನೇ ಟೈಪ್ ಮಾಡಿದ್ದೆ. ಪ್ಲೇಯರ್‌ನಲ್ಲಿ ಒತ್ತಕ್ಷರಗಳೆಲ್ಲ ಬೇರೆ ಬೇರೆಯಾಗಿ ಬಿದ್ದವು, ಕೊಂಬು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಸರಿ ಮಾಡಿದ ಮೇಲೂ ನಾಲ್ಕನೇ ಕ್ಲಾಸಿನವರು ಒಂದು ಸಾಲು ಓದುವಷ್ಟರಲ್ಲಿ ಎರಡು ಸಾಲು ದಾಟಿರುತ್ತಿತ್ತು. ಆಮೇಲೆ ಒಂದು ಸ್ಟುಡಿಯೋದಲ್ಲಿ ಪೂರ್ತಿ ಮಾತು ರೆಕಾರ್ಡ್ ಮಾಡಿಸಿದೆ. ಆರೇಳು ಸಾವಿರ ಆಗಿರಬೇಕು. ಅಲ್ಲಿ ನೋಡಿಕೊಂಡು ಮಾತಾಡಿದ್ದು 118 ನಿಮಿಷದ ಕಾಪಿ, ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ. ಶೋ ದಿನ ಹಾಕಿದ್ದು 25 ಫ್ರೇಮ್‌ನ ಡಿವಿಡಿ. ಅದು ಸ್ವಲ್ಪ ಬೇಗ ಓಡಿ ನಾಲ್ಕೈದು ನಿಮಿಷ ಮೊದಲೇ ಮುಗಿಯುತ್ತದೆ. ಶುರುವಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಕುದುರೆ ರೇಸ್ ಗೆದ್ದು ನಿಂತಿದೆ, ನನ್ನ ದನಿ ಮಾತ್ರ ಇನ್ನೂ "ಹುಷಾರು ಮಗ" ಅಂತಿದೆ.

ಆ ರಾತ್ರಿಯೇ ರೆಕಾರ್ಡಿಂಗ್ ಸಹವಾಸ ಬಿಟ್ಟೆ. ತಾಳಮದ್ದಳೆಯಲ್ಲಿ ವೇಷ ಇಲ್ಲದೆ, ಕುಣಿತ ಇಲ್ಲದೆ, ಬರೀ ಮಾತಿನಲ್ಲೇ ಕೌರವನನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ ಅಲ್ವಾ? ನನಗೆ ಪರದೆ ಮೇಲೆ ಕುದುರೆಯೇ ಇದೆ. ಮಾತು ಅಷ್ಟು ಬೇಕಾಗಿಯೂ ಇಲ್ಲ. ಅಪ್ಪ ಹಡಗಿನಲ್ಲಿ ಮಗನಿಗೆ ಅಲೆಕ್ಸಾಂಡರನ ಕುದುರೆ ಬುಸೆಫಾಲಸ್ ಕತೆ ಹೇಳುವ ಜಾಗ ಒಂದಿದೆ. ಅಲ್ಲಿ ಮಾತ್ರ ನಾನು ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಯೇ ಆಗುತ್ತೇನೆ. ಆ ಕುದುರೆ ತನ್ನ ನೆರಳಿಗೇ ಬೆದರುತ್ತಿತ್ತು, ಹುಡುಗ ಅಲೆಕ್ಸಾಂಡರ್ ಅದರ ಮುಖವನ್ನು ಸೂರ್ಯನ ಕಡೆ ತಿರುಗಿಸಿ ಹತ್ತಿದ ಅಂತ ಪ್ಲುಟಾರ್ಕ್ ಬರೆದಿದ್ದಾನೆ. ಅದನ್ನೂ ಸೇರಿಸುತ್ತೇನೆ. ದ್ವೀಪಕ್ಕೆ ಬಂದ ಮೇಲೆ ಬಾಯಿ ಮುಚ್ಚುತ್ತೇನೆ. ಹುಡುಗ ಕಡಲ ಪಾಚಿ ಹಿಡಿದು ಕುದುರೆಗೆ ಚಾಚುತ್ತಾನೆ, ಅದು ಬರುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಅಲ್ಲಿ ಮೆಲ್ಲಗೆ "ಬಲ, ಬಲ" (ಬಾ, ಬಾ) ಅಂತ ತುಳುವಿನಲ್ಲಿ ಕರೆಯುತ್ತೇನೆ, ಅಷ್ಟೇ. ಮನೆಯಲ್ಲಿ ಮಲಯಾಳ, ಬ್ಯಾರಿ, ಮರಾಠಿ ಮಾತಾಡುವ ಮಕ್ಕಳೂ ಜತೆಗೆ ಕರೆಯಲು ಶುರು ಮಾಡುತ್ತಾರೆ.

ಸೌಂಡಿನ ವಿಷಯಕ್ಕೆ ಬರೋಣ. ಇಂಗ್ಲಿಷ್ ಮಾತು ತೆಗೆಯಲು ಎಡ ಚಾನಲ್‌ನಿಂದ ಬಲ ಚಾನಲ್ ಕಳೆಯುವ ಉಪಾಯ ನೀವೂ ಮಾಡಿರುತ್ತೀರಿ. ಎರಡರಲ್ಲೂ ಒಂದೇ ಸಮ ಇರುವ ಮಾತು ಹೋಗುತ್ತದೆ, ಜತೆಗೆ ಬಾಸ್ (ತಗ್ಗಿನ ಸದ್ದು) ಪೂರ್ತಿ ಹೋಗುತ್ತದೆ. ಕುದುರೆಯ ಗೊರಸಿನ ಸದ್ದೇ ಇಲ್ಲ ಅಂದರೆ ಈ ಸಿನಿಮಾದಲ್ಲಿ ಉಳಿಯುವುದೇನು? ಸೌಂಡ್ ಮಾಡಿದ ಅಲನ್ ಸ್ಪ್ಲೆಟ್ ಕುದುರೆಯ ಹೊಟ್ಟೆಪಟ್ಟಿಯ ಹತ್ತಿರ ಮೈಕ್ ಕಟ್ಟಿ ಗೊರಸು, ಉಸಿರು ಎಲ್ಲ ಹಿಡಿದವನು. ಅದಕ್ಕೆ ವಿಶೇಷ ಆಸ್ಕರ್ ಕೂಡ ಬಂತು. ಹಾಗಾಗಿ ನಾನು ಕಳೆಯುವ ಕೆಲಸ ಬಿಟ್ಟು ಸಿನಿಮಾದ ಸದ್ದು ಏರಿಳಿಸುವ ಫೇಡರ್ ಮೇಲೆ ಬೆರಳು ಇಟ್ಟುಕೊಂಡೇ ಕೂರುತ್ತೇನೆ. ಮಾತು ಬರುವ ಮುಂಚೆ ಇಳಿಸುವುದು, ನಾನು ಹೇಳುವುದು, ಮತ್ತೆ ಏರಿಸುವುದು. ಯಾವ ಮಾತು ಯಾವಾಗ ಬರುತ್ತದೆ ಅಂತ ಕತ್ತಲಲ್ಲಿ ನನಗೆ ಗೊತ್ತಾಗಲು ಒಂದು ಗುರುತು ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ. ಹೊಟ್ಟೆಪಾಡು ನೋಡಿ.

ಯಾರೂ ಎಣಿಸದೆ ಇದ್ದ ತೊಂದರೆ ಹಾವಿನದ್ದು. ದ್ವೀಪದಲ್ಲಿ ಹುಡುಗ ಕಣ್ಣು ಬಿಟ್ಟರೆ ಎದುರಿಗೆ ಹೆಡೆ ಎತ್ತಿದ ನಾಗರಹಾವು. ಕುದುರೆ ಬಂದು ತುಳಿದು ಸಾಯಿಸುತ್ತದೆ. ನಮ್ಮ ಕಡೆ ನಾಗನನ್ನು ತುಳಿಯುವುದೆಂದರೇನು! ಮುಂದೆ ಕೂತಿದ್ದ ಅಜ್ಜಿಯೊಬ್ಬರು "ಅಯ್ಯೋ ನಾಗಾ" ಅಂತ ಕೈ ಮುಗಿದು ಎದ್ದೇ ಹೋದರು. ಮರುದಿನ ಒಬ್ಬರು ನಾಗನಿಗೆ ತಂಬಿಲದ ಪೂಜೆ ಕೊಡಿಸುವ ಮಾತೂ ಎತ್ತಿದರು. ಆ ದೃಶ್ಯ ಹಾರಿಸಿ ನೋಡಿದೆ, ಕತೆಯ ಕೊಂಡಿ ತಪ್ಪುತ್ತದೆ. ಈಗ ಶೋಗೆ ಮೊದಲೇ ದೊಡ್ಡವರಿಗೆ ಹೇಳಿಬಿಡುತ್ತೇನೆ: ಹೀಗೊಂದು ದೃಶ್ಯ ಬರುತ್ತದೆ, ಬೇಡದವರು ಆಗ ಚಹಾಕ್ಕೆ ಹೋಗಿ. ಯಾರೂ ಹೋಗುವುದಿಲ್ಲ.

ರೇಸಿಗೆ ಚೆಂಡೆ ಇಟ್ಟು ನೋಡಿದ್ದೂ ಆಯಿತು. ಚೆಂಡೆಯವರಿಗೆ ಸಾವಿರ ರೂಪಾಯಿ, ಊಟ ಬೇರೆ. ಅವರು ಬಾರಿಸಿದ ಭರಕ್ಕೆ ಮಕ್ಕಳೆಲ್ಲ ಪರದೆ ಬಿಟ್ಟು ಚೆಂಡೆ ಕಡೆ ತಿರುಗಿದರು. ಓಟದ ನಡುವೆ ಕಡಲ ದಂಡೆಯ ಸವಾರಿ ಮತ್ತೆ ಬರುತ್ತದಲ್ಲ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಈಗ ರೇಸಿನಲ್ಲಿ ನಾನೂ ಸುಮ್ನೆ ಇರುತ್ತೇನೆ.

ಪರದೆ ಬಿಳಿ ಮುಂಡಿನ ಬಟ್ಟೆ, ಹತ್ತು ಅಡಿ ಅಗಲ, ಹೊಲಿಗೆ ಸೇರಿ ಸಾವಿರದ ಇನ್ನೂರರ ಹತ್ತಿರ. ಚೌಕಟ್ಟಿಗೆ ಅಡಕೆ ಮರದ ಕಂಬ, ಅದು ತೋಟದಲ್ಲೇ ಸಿಕ್ಕಿತು. ಮೊದಲ ಸಲ ಗಾಳಿಗೆ ಬಟ್ಟೆ ಉಬ್ಬಿ ಕುದುರೆ ಗಬ್ಬ ಆದ ಹಾಗೆ ಕಂಡಿತು. ಕೆಳಗಿನ ಅಂಚಿನಲ್ಲಿ ಮರಳು ತುಂಬಿದ ಪಿವಿಸಿ ಪೈಪ್ ತೂರಿಸಿದ ಮೇಲೆ ಸರಿಯಾಯಿತು. ಪ್ರೊಜೆಕ್ಟರ್ ಬಾಡಿಗೆ ರಾತ್ರಿಗೆ ಸಾವಿರದ ಐನೂರು, ಜೀಪಿಗೆ ಏಳೆಂಟು ನೂರು. ಅಂಗಳದಲ್ಲಿ ಅಡಕೆ ಒಣಹಾಕಿದ್ದರೆ ಮೊದಲೇ ರಾಶಿ ಮಾಡಿಸಿ. ಇಲ್ಲದಿದ್ದರೆ ಮಕ್ಕಳು ಅದನ್ನೇ ಎಸೆದಾಡುತ್ತಾರೆ, ಮನೆಯವರು ಲೆಕ್ಕ ನಮ್ಮ ತಲೆಗೆ ಕಟ್ಟುತ್ತಾರೆ.

ನಾನೀಗ ಎಲ್ಲ ಸೇರಿ ನಾಲ್ಕೂವರೆ ಸಾವಿರ ತೆಗೆದುಕೊಳ್ಳುತ್ತೇನೆ. ಕನ್ನಡ ಶಾಲೆಗಾದರೆ ಮೂರು. ಸ್ವಂತ ಮೈಕ್ ಸೆಟ್ ಇದ್ದವರು ಬರೀ ಮಾತಿಗೆ ಕರೆದರೂ ಬರುತ್ತೇನೆ, ಆದರೆ ಫೇಡರ್ ನನ್ನ ಕೈಯಲ್ಲೇ ಇರಬೇಕು. ತಗಡಿನ ಮಾಡಿನ ಹಾಲ್ ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳಲೇಬೇಡಿ. ಆ ಮಳೆ ಸದ್ದಿನ ಎದುರು ಯಾವ ಕಾಲಂ ಬಾಕ್ಸ್ ಸ್ಪೀಕರೂ ನಿಲ್ಲುವುದಿಲ್ಲ.