ಕೀವರ್ಡ್ ಸಂಶೋಧನೆಯಿಂದ ನಿಶ್ ಆರಿಸುವ ಬಗೆ

ಆನ್‌ಲೈನ್ ಮಾರ್ಕೆಟಿಂಗ್‌ಗೆ ಇಳಿಯುವವರಲ್ಲಿ ಹೆಚ್ಚಿನವರು ತಮ್ಮ ನಿಶ್ (ತಾವು ಗಮನವಿಡುವ ಕಿರಿದಾದ ವಿಷಯಕ್ಷೇತ್ರ) ಯಾವುದೆಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಕೀವರ್ಡ್‌ಗಳನ್ನು, ಅಂದರೆ ಜನ ಹುಡುಕುವಾಗ ಬರೆಯುವ ಪದಗಳನ್ನು, ಅಳೆಯುವ ಸಾಧನಗಳನ್ನು ತೆರೆಯುವುದು ಆ ತೀರ್ಮಾನಕ್ಕೆ ಒಪ್ಪುವ ಅಂಕಿಗಳನ್ನು ಹೆಕ್ಕಿಕೊಳ್ಳುವುದಕ್ಕಷ್ಟೆ. ಹಾಗೆ ಹುಡುಕಿದರೆ ಒಪ್ಪುವ ಅಂಕಿ ಸಿಕ್ಕೇ ಸಿಗುತ್ತದೆ. ಮನಸ್ಸಿಗೆ ಹಿಡಿಸಿದ ವಿಷಯವನ್ನು ಕೈಬಿಡುವಂತೆ ಹೇಳಬಲ್ಲ ಸಂಶೋಧನೆಗೆ ಮಾತ್ರ ಬೆಲೆಯಿದೆ. ಹಾಗೆ ಮಾಡಬೇಕಾದರೆ ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಎಂಬ ಸಂಖ್ಯೆಗಿಂತ, ಅವರು ಯಾವ ಉದ್ದೇಶದಿಂದ ಹುಡುಕುತ್ತಾರೆ ಮತ್ತು ಅವರ ಮುಂದೆ ತೆರೆದುಕೊಳ್ಳುವ ಮೊದಲ ಪುಟದಲ್ಲಿ ಈಗಾಗಲೇ ಯಾರು ಕುಳಿತಿದ್ದಾರೆ ಎಂಬ ಎರಡು ಸಂಗತಿಗಳಿಗೆ ಹೆಚ್ಚು ತೂಕ ಕೊಡಬೇಕಾಗುತ್ತದೆ.

ಮೊದಲು ಮೂರು ನಾಲ್ಕು ವಿಷಯಗಳನ್ನು ಬರೆದಿಟ್ಟುಕೊಂಡು, ಪ್ರತಿಯೊಂದಕ್ಕೂ ಬೀಜಪದಗಳನ್ನು, ಅಂದರೆ ಹುಡುಕಾಟ ಆರಂಭಿಸಲು ಬೇಕಾದ ಮೂಲ ಪದಗಳನ್ನು, ಸಂಗ್ರಹಿಸಿ. ಹವ್ಯಾಸಿ ಖಗೋಳ ವೀಕ್ಷಣೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ‘ಟೆಲಿಸ್ಕೋಪ್’ ಎಂಬ ಒಂಟಿ ಪದ ಬೀಜವಷ್ಟೇ. ಅದರಿಂದ ನಿಶ್ ಹುಟ್ಟುವುದಿಲ್ಲ. ಅದನ್ನು ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಬರೆದು, ತಾನಾಗಿ ಬರುವ ಸಲಹೆಗಳನ್ನೂ, ಫಲಿತಾಂಶಗಳ ನಡುವೆ ಕಾಣುವ ‘ಜನರು ಇದನ್ನೂ ಕೇಳುತ್ತಾರೆ’ ಬಗೆಯ ಪ್ರಶ್ನೆಗಳನ್ನೂ, ಪುಟದ ಕೆಳಭಾಗದ ಸಂಬಂಧಿತ ಹುಡುಕಾಟಗಳನ್ನೂ ಒಂದು ಹಾಳೆಗೆ ಇಳಿಸಿಕೊಳ್ಳಿ. ಇಲ್ಲಿ ಎಚ್ಚರ ಬೇಕಾದದ್ದು ಪದಗಳ ವಿಷಯದಲ್ಲಿ. ವಿಷಯ ಬಲ್ಲವರು ‘ಕಾಲಿಮೇಶನ್’ (ಟೆಲಿಸ್ಕೋಪ್‌ನ ಕನ್ನಡಿ, ಮಸೂರಗಳನ್ನು ಸರಿಯಾಗಿ ಹೊಂದಿಸುವುದು) ಎನ್ನುವ ಕಡೆ ಹೊಸಬರು ‘ಟೆಲಿಸ್ಕೋಪ್‌ನಲ್ಲಿ ಚಿತ್ರ ಮಸುಕಾಗಿ ಕಾಣುತ್ತದೆ’ ಎಂದು ಹುಡುಕುತ್ತಾರೆ. ತೊಂದರೆ ಒಂದೇ ಆದರೂ ಹುಡುಕುವವರು ಬೇರೆ, ಅವರಿಗೆ ಬೇಕಾದ ಉತ್ತರವೂ ಬೇರೆ. ಮಾರಾಟಗಾರನ ಪದಕೋಶದಿಂದ ಮಾತ್ರ ಪಟ್ಟಿ ತಯಾರಿಸಿದರೆ ಕೊಳ್ಳುವವರ ಅರ್ಧದಷ್ಟು ಮಾತು ಕಿವಿಗೇ ಬೀಳುವುದಿಲ್ಲ.

ಈ ಪಟ್ಟಿಯನ್ನು ಗೂಗಲ್‌ನ ಜಾಹೀರಾತು ಸೇವೆಯಾದ ಗೂಗಲ್ ಆಡ್ಸ್ ಖಾತೆಯೊಳಗಿರುವ ಕೀವರ್ಡ್ ಪ್ಲಾನರ್ ಎಂಬ ಸಾಧನಕ್ಕೆ ಕೊಟ್ಟಾಗ ಬರುವ ಅಂಕಿಗಳನ್ನು ಓದುವ ಕ್ರಮವೊಂದಿದೆ. ಜಾಹೀರಾತಿಗೆ ಹಣ ಖರ್ಚು ಮಾಡದ ಖಾತೆಗಳಿಗೆ ಅದು ಸಾಮಾನ್ಯವಾಗಿ 1,000ದಿಂದ 10,000 ಎಂಬಂತಹ ಅಗಲವಾದ ವ್ಯಾಪ್ತಿಯನ್ನಷ್ಟೇ ತೋರಿಸುತ್ತದೆ. ಸರಾಸರಿಯನ್ನು ಸಾಮಾನ್ಯವಾಗಿ 12 ತಿಂಗಳ ಮೇಲೆ ಲೆಕ್ಕ ಹಾಕುವುದರಿಂದ, ವರ್ಷದಲ್ಲಿ ಒಂದೇ ತಿಂಗಳು ಬೇಡಿಕೆಯಿರುವ ಪದವೂ ವರ್ಷಪೂರ್ತಿ ಹುಡುಕಲಾಗುವ ಪದದಂತೆ ಕಾಣಬಹುದು. ಬಹುತೇಕ ಒಂದೇ ಅರ್ಥದ ಪದರೂಪಗಳನ್ನು ಒಟ್ಟುಗೂಡಿಸಿ ಎಲ್ಲಕ್ಕೂ ಒಂದೇ ಸಂಖ್ಯೆಯನ್ನು ತೋರಿಸುವುದೂ ಉಂಟು; ಅವುಗಳನ್ನು ಬೇರೆ ಬೇರೆ ಎಂದು ತಿಳಿದು ಕೂಡಿಸಿದರೆ ಮಾರುಕಟ್ಟೆ ಇಲ್ಲದ ಗಾತ್ರಕ್ಕೆ ಉಬ್ಬುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸುವುದು ‘ಸ್ಪರ್ಧೆ’ ಎಂಬ ಕಾಲಂ. ಆ ಪದಕ್ಕೆ ಎಷ್ಟು ಜಾಹೀರಾತುದಾರರು ಪೈಪೋಟಿ ನಡೆಸುತ್ತಿದ್ದಾರೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಹಣ ಕೊಡದೆ ಮೊದಲ ಪುಟಕ್ಕೆ ಬರುವುದು ಎಷ್ಟು ಕಷ್ಟ ಎಂಬುದನ್ನಲ್ಲ. ಹೊಸಬರು ಅಲ್ಲಿ ‘ಕಡಿಮೆ’ ಎಂದು ಕಂಡದ್ದನ್ನು ತೆರೆದ ಬಾಗಿಲೆಂದು ಭಾವಿಸುತ್ತಾರೆ. ಆದರೆ ಆ ವಿಷಯದಲ್ಲಿ ಹಣ ಹುಟ್ಟುವುದಿಲ್ಲವೆಂದು ಜಾಹೀರಾತುದಾರರು ಕಂಡುಕೊಂಡಿರುವುದೂ ಅದಕ್ಕೆ ಕಾರಣವಾಗಿರಬಹುದು. ಆದ್ದರಿಂದ ಪುಟದ ಮೇಲ್ಭಾಗದಲ್ಲಿ ಜಾಹೀರಾತು ಕಾಣಿಸಲು ಜಾಹೀರಾತುದಾರರು ಕೂಗುವ ಬಿಡ್ ಮೊತ್ತವನ್ನು ಅದರ ಜೊತೆಗಿಟ್ಟು ನೋಡಬೇಕು. ಒಂದು ಕ್ಲಿಕ್‌ಗೆ ಹೆಚ್ಚು ತೆರಲು ಜನ ಸಿದ್ಧರಿದ್ದಾರೆಂದರೆ ಆ ಪದದ ಹಿಂದೆ ಖರೀದಿ ಇದೆ ಎಂದು ಊಹಿಸುವುದಕ್ಕೆ ಆಧಾರವಿದೆ.

ಬೇಡಿಕೆಯ ಏರಿಳಿತವನ್ನು ಹುಡುಕಾಟದ ಆಸಕ್ತಿಯನ್ನು ಕಾಲಕ್ರಮದಲ್ಲಿ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಪರೀಕ್ಷಿಸಬಹುದು. ಅದರಲ್ಲಿ 2004ರಿಂದೀಚಿನ ಮಾಹಿತಿಯಿದ್ದು, ಒಮ್ಮೆಗೆ ಹಲವು ಪದಗಳನ್ನು ಹೋಲಿಸಬಹುದು. ಅಲ್ಲಿನ 0ಯಿಂದ 100ರ ಅಳತೆ ಹುಡುಕಾಟಗಳ ಸಂಖ್ಯೆಯಲ್ಲ, ಆಯ್ದ ಅವಧಿಯ ಅತ್ಯುಚ್ಚ ಆಸಕ್ತಿಯನ್ನು 100 ಎಂದು ಹಿಡಿದ ಸಾಪೇಕ್ಷ ಅಳತೆ. 2024ರ ಏಪ್ರಿಲ್ 8ರಂದು ಉತ್ತರ ಅಮೆರಿಕದಲ್ಲಿ ಕಂಡ ಸಂಪೂರ್ಣ ಸೂರ್ಯಗ್ರಹಣದಂತಹ ಘಟನೆಗೆ ಗ್ರಹಣ ಕನ್ನಡಕದ ಹುಡುಕಾಟ ಗೋಪುರದಂತೆ ಏರಿ ಕೆಲವೇ ದಿನಗಳಲ್ಲಿ ನೆಲಕ್ಕಿಳಿಯುತ್ತದೆ. ಅಂತಹ ಪದದ ಮೇಲೆ ನಿಶ್ ಕಟ್ಟಿದವರು ಮುಂದಿನ ಗ್ರಹಣದವರೆಗೆ ಕಾಯಬೇಕಾಗುತ್ತದೆ. ಐದು ವರ್ಷಗಳ ರೇಖೆಯನ್ನು ಕಡ್ಡಾಯವಾಗಿ ನೋಡಿ. ಮೂರು ತಿಂಗಳ ರೇಖೆ ಯಾವ ವಿಷಯವನ್ನಾದರೂ ಭರವಸೆದಾಯಕವಾಗಿ ತೋರಿಸಬಲ್ಲದು.

ಇಷ್ಟಾದ ಮೇಲೆ ಉಳಿದ ಪದಗಳನ್ನು ಉದ್ದೇಶಕ್ಕೆ ಅನುಗುಣವಾಗಿ ಬೇರ್ಪಡಿಸಬೇಕು, ನಿಜವಾದ ತೀರ್ಮಾನ ಆಗುವುದು ಇಲ್ಲಿಯೇ. ಜಾಲ ಹುಡುಕಾಟಗಳನ್ನು ಮಾಹಿತಿ ಬಯಸುವವು, ನಿರ್ದಿಷ್ಟ ತಾಣಕ್ಕೆ ಹೋಗಬಯಸುವವು, ಖರೀದಿಯಂತಹ ಏನನ್ನಾದರೂ ನಡೆಸಬಯಸುವವು ಎಂದು ಮೂರಾಗಿ ವಿಂಗಡಿಸಿದ್ದು 2002ರಲ್ಲಿ ಕಂಪ್ಯೂಟರ್ ವಿಜ್ಞಾನಿ ಆಂಡ್ರೇ ಬ್ರೋಡರ್. ಆ ವಿಂಗಡಣೆ ಇಂದಿಗೂ ಉಪಯುಕ್ತ. ‘ಶನಿಗೆ ಎಷ್ಟು ಉಪಗ್ರಹಗಳಿವೆ’ ಎಂದು ಕೇಳುವವರು ಉತ್ತರ ಪಡೆದು ಹೋಗುತ್ತಾರೆ. ‘ಶನಿಯ ಬಳೆ ನೋಡಲು ಎಂತಹ ಟೆಲಿಸ್ಕೋಪ್ ಬೇಕು’ ಎಂದು ಕೇಳುವವರು ಕೊಳ್ಳುವ ಹೊಸ್ತಿಲಲ್ಲಿದ್ದಾರೆ, ಅವರ ಸಂಖ್ಯೆ ಎಷ್ಟೇ ಚಿಕ್ಕದಿದ್ದರೂ ಸರಿ. ಒಂದು ವಿಷಯದ ಪಟ್ಟಿಯಲ್ಲಿ ಹೋಲಿಕೆ, ಆಯ್ಕೆ, ದುರಸ್ತಿ, ಬಿಡಿಭಾಗ, ಪರ್ಯಾಯ ಇಂತಹವುಗಳ ಸುತ್ತ ಉದ್ದನೆಯ ಕೀವರ್ಡ್‌ಗಳು ಬೇಕಾದಷ್ಟು ಸಿಕ್ಕರೆ ಅದು ಬಾಳುವ ನಿಶ್. ಕುತೂಹಲದ ಪ್ರಶ್ನೆಗಳೇ ತುಂಬಿದ್ದರೆ ಓದುಗರು ಬರುತ್ತಾರೆ, ಆದಾಯ ಬರುವುದು ಅನುಮಾನ. ಬರೀ ಕುತೂಹಲದ ಪ್ರಶ್ನೆಗಳಿಗೆ ಹುಡುಕು ಪುಟದಲ್ಲೇ ಉತ್ತರ ಸಿಗುವುದು ಈಗ ಇನ್ನೂ ಹೆಚ್ಚಾಗಿದೆ: 2024ರ ಮೇ ತಿಂಗಳಿನಿಂದ ಗೂಗಲ್ ಅಮೆರಿಕದಿಂದ ಆರಂಭಿಸಿ ಎಐ ಸಾರಾಂಶಗಳನ್ನು ಫಲಿತಾಂಶಗಳ ಮೇಲೆಯೇ ತೋರಿಸತೊಡಗಿತು.

ಸ್ಪರ್ಧೆಯನ್ನು ಅಳೆಯಲು ಎಹ್‌ರೆಫ್ಸ್, ಸೆಮ್‌ರಷ್ ಮುಂತಾದ ಸಾಧನಗಳು ಕ್ಲಿಷ್ಟತೆಯ ಅಂಕ ಕೊಡುತ್ತವೆ. ಪ್ರತಿಯೊಂದರ ಲೆಕ್ಕಾಚಾರವೂ ಬೇರೆಯಾದ್ದರಿಂದ ಒಂದರ ಅಂಕವನ್ನು ಇನ್ನೊಂದರ ಅಂಕದ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಎಹ್‌ರೆಫ್ಸ್‌ನ ಅಂಕವು ಫಲಿತಾಂಶದ ಮೊದಲ ಹತ್ತು ಸ್ಥಾನಗಳಲ್ಲಿರುವ ಪುಟಗಳಿಗೆ ಬೇರೆ ತಾಣಗಳಿಂದ ಬಂದಿರುವ ಕೊಂಡಿಗಳನ್ನು (ಬ್ಯಾಕ್‌ಲಿಂಕ್) ಆಧರಿಸಿದೆ. ಅದಕ್ಕಿಂತ ನಂಬಬಹುದಾದದ್ದು ನಿಮ್ಮ ಕಣ್ಣು. ಖಾಸಗಿ ಬ್ರೌಸರ್ ಕಿಟಕಿಯಲ್ಲಿ ಹತ್ತಿಪ್ಪತ್ತು ಮುಖ್ಯ ಕೀವರ್ಡ್‌ಗಳನ್ನು ಹುಡುಕಿ, ಮೊದಲ ಪುಟದ ಪ್ರತಿಯೊಂದು ಫಲಿತಾಂಶವನ್ನೂ ತೆರೆದು ಓದಿ. ದೊಡ್ಡ ಅಂಗಡಿಗಳೂ ಹೆಸರಾಂತ ಪತ್ರಿಕೆಗಳೂ ತುಂಬಿದ್ದರೆ ಆ ಪದವನ್ನು ಬಿಟ್ಟುಬಿಡಿ. ಹಳೆಯ ಲೇಖನಗಳು, ಪ್ರಶ್ನೆಗೆ ನೇರವಾಗಿ ಉತ್ತರಿಸದ ಪುಟಗಳು, ಸಾಮಾನ್ಯ ಚರ್ಚೆಗಳು ಮೇಲೆ ಬಂದಿದ್ದರೆ ಅಲ್ಲಿ ಜಾಗವಿದೆ ಎಂದರ್ಥ. ಆರೋಗ್ಯ ಮತ್ತು ಹಣಕಾಸಿನಂತಹ ವಿಷಯಗಳಲ್ಲಿ ಗೂಗಲ್ ವಿಶ್ವಾಸಾರ್ಹತೆಗೆ ವಿಶೇಷ ಮಹತ್ವ ಕೊಡುವುದರಿಂದ, ಆ ಕ್ಷೇತ್ರದ ಅರ್ಹತೆ ಇಲ್ಲದವರು ಅತ್ತ ಹೋಗದಿರುವುದೇ ಲೇಸು.

ಕೊನೆಗೆ ಉಳಿದ ಒಂದೆರಡು ವಿಷಯಗಳಲ್ಲಿ, ಒಂದೇ ಚಿಕ್ಕ ಗುಂಪಿಗೆ ಸೇರಿದ ಕೀವರ್ಡ್‌ಗಳಿಗೆ ಕೆಲವು ಪುಟಗಳನ್ನು ಬರೆದು ಪ್ರಕಟಿಸಿ, ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನಕ್ಕೆ ಜೋಡಿಸಿ. ಪ್ಲಾನರ್ ಅಂದಾಜು ಹೇಳಿದರೆ ಇದು ನಿಮ್ಮ ಪುಟಗಳು ನಿಜವಾಗಿ ಯಾವ ಪದಗಳಿಗೆ ಕಾಣಿಸಿಕೊಂಡವು, ಎಷ್ಟು ಬಾರಿ ಕ್ಲಿಕ್ ಆದವು ಎಂಬುದನ್ನು 16 ತಿಂಗಳವರೆಗಿನ ದಾಖಲೆಯೊಂದಿಗೆ ತೋರಿಸುತ್ತದೆ. ಈ ವರದಿಯಲ್ಲಿ ನೀವು ಗುರಿಯಿಡದ ಪದಗಳಿಗೆ ಪುಟ ಮತ್ತೆ ಮತ್ತೆ ಕಾಣಿಸಿಕೊಂಡು, ಸರಾಸರಿ ಸ್ಥಾನ ಎರಡನೆಯ ಪುಟದ ಆಸುಪಾಸಿನಲ್ಲಿದ್ದರೆ, ಮುಂದಿನ ಲೇಖನಗಳನ್ನು ಆ ಪದಗಳಿಗೇ ಬರೆಯಿರಿ. ಟೆಲಿಸ್ಕೋಪ್ ಎಂದು ಹೊರಟ ನಿಶ್ ಅದರ ಸ್ಟ್ಯಾಂಡ್ ಮತ್ತು ಐಪೀಸ್‌ಗಳ (ಕಣ್ಣಿಟ್ಟು ನೋಡುವ ಮಸೂರ) ಕಡೆಗೆ ಕಿರಿದಾದರೂ ಅಡ್ಡಿಯಿಲ್ಲ.